ಎರಡು ಬೆರಳಿನ ಅಳತೆ

ಗುರುವಾರ, ಫೆಬ್ರವರಿ ೧೨

ನನ್ನ ಮೊಂಡು ಮೂಗಿನ ಪುಟ್ಟಿಗೆ,

ಮೊದಲೇ ಹೇಳಿಬಿಡುತ್ತೇನೆ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಯಾರಿಗೂ ಏನೂ ಆಗಿಲ್ಲ. ಅಮ್ಮ ಪತ್ರ ಬರೆದಿದ್ದಾಳೆ ಎಂದರೆ ಸಾಕು, ಒಡೆದು ಓದುವ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಬಸ್ ಹತ್ತುವವಳು ನೀನು. ಹತ್ತಬೇಡ. ಕೂತುಕೋ, ಚಹಾ ಮಾಡಿಕೋ, ಆಮೇಲೆ ಓದು.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಭಾನುವಾರದಿಂದ ಮೂರು ಸಲ ಫೋನ್ ಕೈಗೆತ್ತಿಕೊಂಡು ಹಾಗೇ ಇಟ್ಟಿದ್ದೇನೆ. ನಿನ್ನ ಜೊತೆ ಫೋನಿನಲ್ಲಿ ಒಂದು ಮಾತು ಪೂರ್ತಿ ಆಡಿ ಮುಗಿಸಿದವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ತಾಯಿ. ನಾನು ಶುರು ಮಾಡುವಷ್ಟರಲ್ಲಿ ನೀನು ಮಧ್ಯೆ ಬಾಯಿ ಹಾಕಿ, ಅಯ್ಯೋ ಬಿಡಮ್ಮ, ಅದೆಲ್ಲ ಏನಿಲ್ಲ ಅನ್ನುತ್ತೀಯ. ನನಗೂ ಅಷ್ಟೇ ಬೇಕಾಗಿರುತ್ತದೆ, ಬಿಟ್ಟುಬಿಡುತ್ತೇನೆ. ಕಾಗದವಾದರೆ ಮಧ್ಯೆ ಬಾಯಿ ಹಾಕುವುದಿಲ್ಲ. ಮೂವತ್ತು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದ ನಿಮ್ಮಪ್ಪ ನಾಳೆ ಬೆಳಿಗ್ಗೆ ಹಾಕಿದರೆ ಶನಿವಾರ ಮಧ್ಯಾಹ್ನದೊಳಗೆ ನಿನ್ನ ಕೈಗೆ ಸಿಕ್ಕೇ ಸಿಗುತ್ತದೆ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದಾರೆ. ಸಿಗಲೇಬೇಕು. ಏಕೆಂದರೆ ಇದು ನೀನು ಸೋಮವಾರ ಸಹಿ ಹಾಕಬೇಕಾದ ವರದಿಯ ವಿಷಯ.

ಅಕ್ಷರ ನೋಡಿ ನಗಬೇಡ. ನಿನ್ನೆ ಶುರು ಮಾಡಿದ್ದು, ಇವತ್ತು ಮುಗಿಸುತ್ತಿದ್ದೇನೆ.

ನೀನು ಭಾನುವಾರ ಹೇಳಿದ್ದನ್ನೆಲ್ಲ ನನಗೆ ಅರ್ಥವಾದ ಹಾಗೆ ಒಂದು ಸಲ ಬರೆಯುತ್ತೇನೆ, ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದು. ಗಾಡಿಗಳ ವೈರಿಗೆ ನಿಯಮ ಬರೆಯುವ ನಿಮ್ಮ ಸಮಿತಿಯಲ್ಲಿ ಎಲ್ಲರ ಕರಡನ್ನೂ ತಿದ್ದುವ ಕೈ ಅಲ್ಲವೇ ಅದು. ಗಾಲಿಕುರ್ಚಿಯ ರೋಗಿಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹತ್ತೊಂಬತ್ತು ಗಾಡಿಗಳು ನಡುದಾರಿಯಲ್ಲಿ ನಿಂತಿವೆ. ಎಲ್ಲವೂ ಒಂದೇ ರೀತಿ. ಯಾಕೆಂದು ಹುಡುಕಿ ವರದಿ ಬರೆಯುವುದು ನಿನ್ನ ಕೆಲಸ. ಆ ಗಾಡಿಯ ಬಾಗಿಲು, ಬ್ರೇಕು, ದೀಪ, ಕುರ್ಚಿ ಎತ್ತುವ ಯಂತ್ರ ಎಲ್ಲಕ್ಕೂ ಒಂದೊಂದು ಕಂಪ್ಯೂಟರ್ ಪೆಟ್ಟಿಗೆ, ಅವೆಲ್ಲ ಎರಡೇ ಎರಡು ವೈರ್‌ಗಳ ಮೇಲೆ ಮಾತಾಡಿಕೊಳ್ಳುತ್ತವೆ. ಒಂದು ಮಾತಾಡಿದರೆ ಮಿಕ್ಕವೆಲ್ಲ ಕೇಳಿಸಿಕೊಳ್ಳಬೇಕು. ಮಾತು ಕೆಟ್ಟರೆ ಆಡಿದ್ದನ್ನೇ ಮತ್ತೆ ಆಡಬೇಕು. ಪದೇ ಪದೇ ಕೆಟ್ಟರೆ, ನನ್ನಿಂದಲೇ ತಪ್ಪಾಗುತ್ತಿದೆ ಎಂದುಕೊಂಡು ಆ ಪೆಟ್ಟಿಗೆ ತಾನಾಗಿ ಬಾಯಿ ಮುಚ್ಚಿಕೊಳ್ಳಬೇಕು. ಇದು ನಿಮ್ಮ ನಿಯಮ. ಈ ಗಾಡಿಗಳಲ್ಲಿ ಕುರ್ಚಿ ಎತ್ತುವ ಯಂತ್ರ ಓಡುವಾಗ ಬಾಗಿಲ ಪೆಟ್ಟಿಗೆಯ ಮಾತು ಕೆಟ್ಟು, ಅದು ಬಾಯಿ ಮುಚ್ಚಿಕೊಳ್ಳುತ್ತಿದೆ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಗೊತ್ತಾಗದೆ ಗಾಡಿ ಕದಲುವುದಿಲ್ಲ, ಕುರ್ಚಿಯೂ ಕದಲುವುದಿಲ್ಲ.

ಕೊನೆಯ ಸಲ ಹಾಗಾದಾಗ ಒಬ್ಬ ಅಜ್ಜಿ ಕುರ್ಚಿ ಸಮೇತ ಅರ್ಧಕ್ಕೆ ನಿಂತುಬಿಟ್ಟರು ಅಂದೆ. ಮೇಲೂ ಇಲ್ಲ, ಕೆಳಗೂ ಇಲ್ಲ. ಕೈಯಿಂದ ತಿರುಗಿಸಿ ಇಳಿಸುವ ಹಿಡಿ ಆ ಗಾಡಿಯಲ್ಲಿ ಇರಲಿಲ್ಲ. ರಕ್ತ ಶುದ್ಧಿ ಮಾಡಿಸಿಕೊಳ್ಳಲು ಹೊರಟಿದ್ದ ಜೀವ, ಚಳಿಗಾಳಿಯಲ್ಲಿ ಒಂದೂವರೆ ಗಂಟೆ ರಸ್ತೆ ಮಧ್ಯೆ ನೇತಾಡಿತು. ಡ್ರೈವರ್ ತನ್ನ ಕೋಟು ಬಿಚ್ಚಿ ಹೊದಿಸಿ ಕುರ್ಚಿ ಹಿಡಿದುಕೊಂಡು ನಿಂತಿದ್ದನಂತೆ. ಅಜ್ಜಿ ಮಾತ್ರ, ಇಲ್ಲಿಂದ ಎಲ್ಲರ ಮನೆ ಮಹಡಿನೂ ಕಾಣುತ್ತೆ ಕಣಪ್ಪ, ಒಬ್ಬರೂ ಧೂಳು ಹೊಡೆದಿಲ್ಲ ಅಂದರಂತೆ. ಅದನ್ನು ಹೇಳುವಾಗ ನೀನು ನಗುತ್ತಿದ್ದೀಯ ಅಂದುಕೊಂಡೆ. ನೀನು ಅಳುತ್ತಿದ್ದೆ.

ಆಮೇಲೆ ಉದ್ದಣ್ಣನ ವಿಷಯ ಹೇಳಿದೆ. ನಿನ್ನ ಪ್ರಯೋಗಾಲಯದ ಬಾಗಿಲಲ್ಲಿ ಬಗ್ಗಿ ಬರುತ್ತಾನೆಂದು ನೀವೆಲ್ಲ ಹಾಗೆ ಕರೆಯುವ ಆ ಹುಡುಗ, ಬಾಗಿಲ ಪೆಟ್ಟಿಗೆಗೆ ಪ್ರೋಗ್ರಾಂ ಬರೆದವನು. ಅವನನ್ನು ಆಗಲೇ ಕೆಲಸದಿಂದ ಪಕ್ಕಕ್ಕೆ ಕೂರಿಸಿದ್ದಾರೆ. ನಿನ್ನ ವರದಿ ಬಂದಮೇಲೆ ಮನೆಗೇ ಕಳಿಸುತ್ತಾರೆ. ನಲವತ್ತು ಸಲ ನೋಡಿದ್ದೀನಿ ಮೇಡಂ, ನನಗೆ ತಪ್ಪು ಸಿಗ್ತಾ ಇಲ್ಲ ಎಂದು ಅವನು ಗೋಳಾಡಿದ್ದನ್ನು ಹೇಳಿದೆ. ತಪ್ಪು ಅವನದ್ದೇ ಎಂದು ನೀನು ಹೇಗೆ ತೀರ್ಮಾನಿಸಿದೆ ಎಂದು ನಾನು ಕೇಳಿದೆ. ಹತ್ತೊಂಬತ್ತರಲ್ಲಿ ಹನ್ನೆರಡು ಗಾಡಿ ಈಚೆಗೆ, ಮೂರು ತಿಂಗಳಲ್ಲಿ ಕಟ್ಟಿದ್ದು. ಏಳು ಗಾಡಿ ವರ್ಷದ ಹಿಂದಿನವು. ಅಂದಿನಿಂದ ಇಂದಿನವರೆಗೆ ಕನೆಕ್ಟರ್ ಬದಲಾಗಿದೆ, ಟೇಪ್ ಬದಲಾಗಿದೆ, ಎತ್ತುವ ಯಂತ್ರವನ್ನು ಕೊಡುವವರೇ ಬದಲಾಗಿದ್ದಾರೆ. ಬದಲಾಗದೇ ಉಳಿದಿರೋದು ಪ್ರೋಗ್ರಾಂ ಒಂದೇ ಅಮ್ಮ, ಅಂದೆ.

ಹಾಗಾದರೆ ವೈರ್ ಬಿಚ್ಚಿ ನೋಡಿದೆಯಾ ಎಂದು ನಾನು ಕೇಳಿದೆ. ನೆನಪಿದೆಯಾ? ನೀನು ಗೊಳ್ಳನೆ ನಕ್ಕೆ. ವೈರ್ ಕಟ್ಟಿನ ಮೇಲೆ ಹದಿನೇಳನೇ ನಂಬರಿನ ಚೀಟಿ ಇತ್ತು ಕಣಮ್ಮ, ನಿಮ್ಮ ಕಾರ್ಖಾನೇಲಿ ನೀನು ವೈರ್ ಜೋಡಿಸಿ ಕಟ್ಟೋ ಹಲಗೆ. ಕತ್ತರಿ ಕೈಗೆ ತಗೊಂಡಿದ್ದೆ, ಚೀಟಿ ನೋಡಿ ವಾಪಸ್ ಇಟ್ಟೆ. ನಮ್ಮಮ್ಮನ ಕೈಕೆಲಸ ಬಿಚ್ಚಿ ನೋಡ್ಲಾ, ನಾಚಿಕೆ ಆಗಲ್ವಾ ನಂಗೆ, ಅಂದೆ.

ನಾನು ಹೂಂ ಅಂದೆ. ಅಷ್ಟೇ ಅಂದದ್ದು. ಆಮೇಲೆ ಒಲೆ ಮೇಲೆ ಹಾಲಿದೆ ಎಂದು ಫೋನಿಟ್ಟೆ. ಒಲೆ ಮೇಲೆ ಯಾವ ಹಾಲೂ ಇರಲಿಲ್ಲ.

ಬಿಚ್ಚು, ಪುಟ್ಟಿ. ಆ ಟೇಪ್ ಕತ್ತರಿಸಿ ನೋಡು. ತಪ್ಪು ಅಲ್ಲಿದೆ. ನನ್ನ ಕೈಯಲ್ಲಿದೆ.

ಬರೆದುಬಿಟ್ಟೆ. ಇನ್ನು ಮಿಕ್ಕಿದ್ದು ಸುಲಭ ಅಂದುಕೊಂಡಿದ್ದೆ, ಸುಲಭವಾಗಿಲ್ಲ. ಆದರೂ ಮೊದಲಿನಿಂದ ಹೇಳುತ್ತೇನೆ.

ಮೂರು ವರ್ಷದ ಹಿಂದೆ ನಿಮ್ಮ ಸಮಿತಿಯಲ್ಲಿ ಆ ಜಗಳ ನಡೆದಿತ್ತಲ್ಲ. ಆ ಎರಡು ವೈರ್‌ಗಳನ್ನು ಹಗ್ಗದ ಹಾಗೆ ಒಂದಕ್ಕೊಂದು ಹೊಸೆದಿರಬೇಕು. ಹೊಸೆದಿದ್ದರೆ ಹೊರಗಿನ ಗದ್ದಲ ಎರಡಕ್ಕೂ ಒಂದೇ ಸಮ ತಾಕಿ ಮಾತು ಕೆಡುವುದಿಲ್ಲ. ಆದರೆ ತುದಿಯಲ್ಲಿ ಪಿನ್ ಕೂರಿಸಬೇಕಾದರೆ ಸ್ವಲ್ಪ ಬಿಚ್ಚಲೇಬೇಕು. ಎಷ್ಟು ಬಿಚ್ಚಬಹುದು? ಒಂದು ಗುಂಪು ಇಪ್ಪತ್ತು ಮಿಲಿಮೀಟರ್ ಅಂತ, ಇನ್ನೊಂದು ಗುಂಪು ಐವತ್ತು ಅಂತ. ಎರಡು ಸಭೆ ಅದರಲ್ಲೇ ಮುಗಿಯಿತು ಎಂದು ನೀನು ತಲೆ ಕೆಡಿಸಿಕೊಂಡು ಮನೆಗೆ ಬಂದಿದ್ದೆ. ನಾನು ಹೇಳಿದೆ, ಎರಡು ಬೆರಳಷ್ಟು ಸಾಕು, ಅದಕ್ಕಿಂತ ಕಮ್ಮಿಯಾದರೆ ಕೈ ಆಡಲ್ಲ, ಜಾಸ್ತಿಯಾದರೆ ಅದು ಸೋಮಾರಿತನ. ನೀನು ಬ್ಯಾಗಿನಿಂದ ಆ ತಣ್ಣನೆಯ ಅಳತೆಯ ಚಿಮಟ ತೆಗೆದು, ಊಟದ ಮೇಜಿನ ಮೇಲೆ ನನ್ನ ಕೈ ಇರಿಸಿ, ತೋರುಬೆರಳು ಮತ್ತು ನಡುಬೆರಳು ಸೇರಿಸಿ ಅಳೆದೆ. ಮೂವತ್ತೈದು. ಸಭೆಯಲ್ಲಿ ಇದಕ್ಕೆ ಆಧಾರವೇನು ಎಂದು ಯಾರೋ ಕೇಳಿದರೆ, ಮೂವತ್ತು ವರ್ಷ ಅನುಭವವಿರುವ ಕೆಲಸಗಾರರ ರೂಢಿ ಎಂದು ನೀನು ಗಂಭೀರವಾಗಿ ಹೇಳಿದೆಯಂತೆ. ಯಾವ ಕೆಲಸಗಾರರು ಎಂದು ಯಾರೂ ಕೇಳಲಿಲ್ಲವಂತೆ. ಮೂವತ್ತೈದೇ ನಿಯಮವಾಯಿತು.

ಆ ಜಂಬ ಸಾಮಾನ್ಯ ಜಂಬ ಅಲ್ಲ ಕಣೆ. ಕಾರ್ಖಾನೆಯಲ್ಲಿ ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ. ನಮ್ಮ ಸಾಲಿನ ಮೇಲ್ವಿಚಾರಕಿ ಯಾವಾಗಲೂ ಜೇಬಿನಲ್ಲಿ ಒಂದು ಉಕ್ಕಿನ ಸ್ಕೇಲ್ ಇಟ್ಟುಕೊಂಡು ಓಡಾಡುತ್ತಾಳಲ್ಲ, ನಾವು ಸ್ಕೇಲಮ್ಮ ಅನ್ನುತ್ತೇವಲ್ಲ, ಅವಳಿಗೂ ನನಗೂ ಎಣ್ಣೆ ಸೀಗೆಕಾಯಿ. ಅವಳು ಸ್ಕೇಲ್ ತೆಗೆದು ನನ್ನ ಹಲಗೆಯ ಹತ್ತಿರ ಬಂದಾಗಲೆಲ್ಲ ನಾನು ಎರಡು ಬೆರಳು ಎತ್ತಿ ತೋರಿಸುತ್ತಿದ್ದೆ. ನಿನ್ನ ಸ್ಕೇಲ್ ನೋಡಿ ನನ್ನ ಬೆರಳು ಅಳೀಬೇಡ, ನನ್ನ ಬೆರಳು ನೋಡಿ ನಿನ್ನ ಸ್ಕೇಲ್ ಸರಿ ಇದೆಯಾ ನೋಡ್ಕೋ, ಅನ್ನುತ್ತಿದ್ದೆ. ಸಾಲಿನ ಹೆಂಗಸರೆಲ್ಲ ನಗುತ್ತಿದ್ದರು. ಅವಳು ಮೂಗು ಮುರಿದು ಮುಂದಿನ ಹಲಗೆಗೆ ಹೋಗುತ್ತಿದ್ದಳು. ಬರುಬರುತ್ತಾ ನನ್ನ ಹಲಗೆಯ ಹತ್ತಿರ ಸ್ಕೇಲ್ ತರುವುದನ್ನೇ ಬಿಟ್ಟಳು. ಗೆದ್ದೆ ಅಂದುಕೊಂಡೆ.

ಈಗ ಬೆರಳಿನ ವಿಷಯ. ಈ ಚಳಿಗಾಲದಲ್ಲಿ, ಮೂರು ತಿಂಗಳಿಂದ ಈಚೆಗೆ, ಗೆಣ್ಣುಗಳು ಊದಿಕೊಂಡಿವೆ. ವಯಸ್ಸಾಯಿತು, ಊದದೆ ಇನ್ನೇನು ಮಾಡುತ್ತವೆ. ನೋವೇನೂ ಅಷ್ಟಿಲ್ಲ. ಆದರೆ ಊದಿದ ಎರಡು ಬೆರಳು ಮೂವತ್ತೈದು ಮಿಲಿಮೀಟರ್ ಅಲ್ಲವಲ್ಲ. ಇದು ನನ್ನ ಮಂಡೆಗೆ ಹೊಳೆಯಲೇ ಇಲ್ಲ ನೋಡು. ಅಳತೆ ಹೊರಗಡೆ ಇದ್ದಿದ್ದರೆ ಬದಲಾದದ್ದು ಕಾಣುತ್ತಿತ್ತು. ಅಳತೆ ನನ್ನ ಕೈಯೇ ಆಗಿತ್ತು. ಬೆರಳಿಟ್ಟೆ, ಬಿಚ್ಚಿದೆ, ಸರಿಯಾಗಿಯೇ ಕಂಡಿತು.

ಅಷ್ಟೇ ಆಗಿದ್ದರೆ ಅದನ್ನು ತಪ್ಪು ಅನ್ನಬಹುದಿತ್ತು. ಅಷ್ಟೇ ಅಲ್ಲ. ಹೆಬ್ಬೆರಳಿಗೆ ಪಿನ್ ಒತ್ತುವ ಬಲ ಹೋಯಿತು. ಕನೆಕ್ಟರ್‌ನಲ್ಲಿ ಪಿನ್ ಕೂತಾಗ ಕಟಕ್ ಅಂತ ಸದ್ದಾಗಬೇಕು, ಆಗುತ್ತಿರಲಿಲ್ಲ. ಹಿಡಿದುಕೊಳ್ಳಲು ಜಾಗ ಬೇಕೆಂದು ಇನ್ನೊಂದು ಸುತ್ತು ಬಿಚ್ಚಿದೆ. ಆಮೇಲೆ ಇನ್ನೊಂದು. ಪಿನ್ ಕೂರಿಸಿದ ಮೇಲೆ ಕೈಯಲ್ಲೇ ಮತ್ತೆ ಹೊಸೆದು ಮೇಲೆ ಟೇಪ್ ಸುತ್ತುತ್ತಿದ್ದೆ. ಕೈಯಲ್ಲಿ ಹೊಸೆದದ್ದು ನಿಲ್ಲುತ್ತದೆಯೇ? ಟೇಪಿನ ಒಳಗೆ ಮತ್ತೆ ಬಿಚ್ಚಿಕೊಳ್ಳುತ್ತದೆ. ನನಗೆ ಗೊತ್ತಿತ್ತು. ಟೇಪ್ ಸುತ್ತಿದ್ದು ಗಟ್ಟಿಯಾಗಲಿ ಎಂದಲ್ಲ, ಕಾಣದಿರಲಿ ಎಂದು. ಈ ಒಂದು ವಾಕ್ಯ ಬರೆಯಲು ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದಿದ್ದೇನೆ.

ನಮ್ಮ ಪರೀಕ್ಷೆಯ ಪೆಟ್ಟಿಗೆಗೆ ವೈರ್ ಈ ತುದಿಯಿಂದ ಆ ತುದಿಗೆ ತಲುಪಿದರೆ ಸಾಕು, ಹಸಿರು ದೀಪ ಹತ್ತುತ್ತದೆ. ಹೊಸೆತ ಎಲ್ಲಿ ಬಿಚ್ಚಿದೆ ಎಂದು ಅದು ಕೇಳುವುದಿಲ್ಲ. ನನ್ನ ಕಟ್ಟುಗಳೆಲ್ಲ ಹಸಿರು ದೀಪ ಹತ್ತಿಸಿಕೊಂಡೇ ಹೋದವು. ಆದರೆ ನಿನ್ನ ಆ ರೋಗಿಗಳ ಗಾಡಿಯಲ್ಲಿ, ಬಾಗಿಲ ಕನೆಕ್ಟರ್‌ನ ಪಕ್ಕದಲ್ಲೇ ಕುರ್ಚಿ ಎತ್ತುವ ಯಂತ್ರದ ದಪ್ಪ ವೈರ್ ಹಾದುಹೋಗುತ್ತದೆ. ಆ ನಕ್ಷೆ ನನಗೆ ಬಾಯಿಪಾಠ. ಯಂತ್ರ ಓಡಿದಾಗ ಅದರ ಗದ್ದಲವೆಲ್ಲ ಬಿಚ್ಚಿದ ಜಾಗದಲ್ಲಿ ನುಗ್ಗುತ್ತದೆ. ಭಾನುವಾರ ನೀನು ಅಜ್ಜಿಯ ಕತೆ ಹೇಳುತ್ತಿದ್ದ ಹಾಗೇ ನನಗೆ ಆ ನಕ್ಷೆ ಕಣ್ಣ ಮುಂದೆ ಬಂತು.  ಆ ಬಾಗಿಲ ಕಟ್ಟನ್ನು ನಮ್ಮಲ್ಲಿ ಕಟ್ಟುವುದು ಹದಿನೇಳನೇ ಹಲಗೆಯ ಮೇಲೆ ಮಾತ್ರ.

ಯಾಕಮ್ಮ ಹೇಳಲಿಲ್ಲ ಅನ್ನುತ್ತೀಯ. ಬೇರೆ ಹಲಗೆ ಕೇಳಬಹುದಿತ್ತು, ದಪ್ಪ ವೈರಿನ ಕೆಲಸ ಕೊಡುತ್ತಿದ್ದರು. ಜಂಬ, ಒಂದು. ಸ್ಕೇಲಮ್ಮನ ಮುಂದೆ ಕೈ ಚಾಚಿ, ನನ್ನ ಬೆರಳು ಕೈಕೊಟ್ಟಿವೆ ಅನ್ನುವುದಕ್ಕಿಂತ ನೋವು ನುಂಗುವುದು ಸುಲಭ ಅನ್ನಿಸಿತು. ಇನ್ನೊಂದಿದೆ, ಅದನ್ನು ಹೇಳಿದರೆ ನೀನು ಬೈಯಬಾರದು. ನೀನು ದೊಡ್ಡ ಓದು ಓದಿ, ನನಗೆ ಗೊತ್ತಿಲ್ಲದ ಜನರ ಜೊತೆ, ನನಗೆ ಗೊತ್ತಿಲ್ಲದ ಮಾತಾಡುತ್ತೀಯ. ನಾನು ಹತ್ತನೇ ಇಯತ್ತೆ ದಾಟದವಳು. ನಮ್ಮಿಬ್ಬರ ಮಧ್ಯೆ ಮಾತಿಗೆ ಇದ್ದದ್ದು ಆ ಎರಡು ವೈರ್‌ಗಳೇ. ನೀನು ನಿಯಮ ಬರೆಯುವುದು, ನಾನು ಅದನ್ನು ಕೈಯಲ್ಲಿ ಮಾಡುವುದು. ಎಷ್ಟು ತಾಯಂದಿರಿಗೆ ಇರುತ್ತದೆ ಹೇಳು ಈ ಭಾಗ್ಯ? ಪಕ್ಕದ ಮನೆಯವಳ ಮಗ ಫೋನ್ ಮಾಡಿ, ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಸರಿ ಇಡ್ತೀನಿ ಅನ್ನುತ್ತಾನೆ. ನೀನು ನನ್ನನ್ನು, ಅಮ್ಮ, ಈ ಪಿನ್ ಎಷ್ಟು ಒತ್ತಿದರೆ ಮುರಿಯುತ್ತೆ ಎಂದು ಕೇಳುತ್ತೀಯ. ಹಲಗೆ ಬಿಟ್ಟರೆ ನಾನೂ ಊಟ ಆಯ್ತಾ ಅನ್ನಿಸಿಕೊಳ್ಳುವ ತಾಯಿಯಾಗಿಬಿಡುತ್ತೇನಲ್ಲ ಎಂದು ಭಯವಾಯಿತು. ಆ ಭಯಕ್ಕೆ ಒಬ್ಬ ಅಜ್ಜಿ ಗಾಳಿಯಲ್ಲಿ ನೇತಾಡಬೇಕಾಯಿತು. ನನಗೇ ಹೇಸಿಗೆಯಾಗುತ್ತದೆ.

ಸೋಮವಾರ ಬೆಳಿಗ್ಗೆ ನಾನು ಸ್ಕೇಲಮ್ಮನ ಹತ್ತಿರ ಹೋಗಿ ಸ್ಕೇಲ್ ಕೊಡು ಅಂದೆ. ಅವಳು ನಾನು ಕಾಲೆಳೆಯುತ್ತಿದ್ದೇನೆ ಅಂದುಕೊಂಡಳು. ಏನು ಸೂರ್ಯ ಈವತ್ತು ಯಾವ ಕಡೆ ಹುಟ್ಟಿದ ಅಂದಳು. ನಾನು ಉಗ್ರಾಣದಿಂದ ನನ್ನ ಒಂದು ಕಟ್ಟು ತಂದು ಅವಳ ಮೇಜಿನ ಮೇಲಿಟ್ಟು, ಟೇಪ್ ಕತ್ತರಿಸಿ ಅಳೆದೆ. ಅರವತ್ತೆರಡು ಮಿಲಿಮೀಟರ್. ಇನ್ನೊಂದು ತಂದೆ, ಐವತ್ತೆಂಟು. ಮೂರನೆಯದನ್ನು ಕತ್ತರಿಸಲು ಆಗಲಿಲ್ಲ, ಕತ್ತರಿ ಕೈಯಿಂದ ಜಾರಿತು.

ಈಗ ಅವಳು ನನ್ನನ್ನು ಹಿಡಿದು ಜಾಡಿಸುತ್ತಾಳೆ ಎಂದು ಕಾಯುತ್ತಾ ನಿಂತೆ. ಇಷ್ಟು ವರ್ಷದ ಬಡ್ಡಿ ಸಮೇತ ಕೊಡಲಿ, ತಿನ್ನುತ್ತೇನೆ ಅಂದುಕೊಂಡೆ. ಅವಳು ಸ್ಕೇಲನ್ನು ಜೇಬಿಗೆ ಹಾಕಿಕೊಂಡಳು. ನನ್ನ ಬಲಗೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದಳು. ಪೂರ್ತಿ ಬಿಡಿಸಿಕೊಳ್ಳಲಿಲ್ಲ. ಅಕ್ಕಾ, ಇದನ್ನಿಟ್ಕೊಂಡು ದಿನಾ ನಲವತ್ತು ಪಿನ್ ಒತ್ತಿದ್ಯಾ, ನಿನಗೇನು ಬುದ್ಧಿ ಇಲ್ವಾ ಅಂದಳು. ಅವಳು ನನ್ನನ್ನು ಅಕ್ಕಾ ಅಂದದ್ದು ಅದೇ ಮೊದಲು. ಆಮೇಲೆ ತಾನೇ ಮೂಗೊರೆಸಿಕೊಂಡು, ನಿನ್ನ ಹಲಗೆ ಅಳೆಯದೇ ಬಿಟ್ಟಿದ್ದು ನನ್ನ ತಪ್ಪು, ನಿನ್ನ ಬಾಯಿಗೆ ಹೆದರಿ ಬಿಟ್ಟೆ ಅಂದಳು. ಮೂವತ್ತಮೂರು ವರ್ಷದಲ್ಲಿ ನನ್ನ ಬಾಯಿಂದ ಆದ ನಷ್ಟದಲ್ಲಿ ಇದು ದೊಡ್ಡದು.

ಇಬ್ಬರೂ ಮ್ಯಾನೇಜರ್ ಹತ್ತಿರ ಹೋದೆವು. ಅವರು ಮೊದಲು ಬಾಗಿಲು ಹಾಕಿದರು. ಆಮೇಲೆ, ನಿಮಗೆ ಗೊತ್ತಿಲ್ಲದೆ ಆಗಿದ್ದು ಅಂತ ಬರೆಯೋಣ್ವಾ ಅಂದರು. ಒಳ್ಳೆಯ ಮನುಷ್ಯ, ನನಗಾಗಿ ಹೇಳಿದ್ದು. ಬೇಡ, ಟೇಪಿನ ವಿಷಯವೂ ಬರೀರಿ ಅಂದೆ. ಯಾವಾಗಿನಿಂದ ಎಂದು ಕೇಳಿದರು. ಮೂರು ತಿಂಗಳು ಅಂದೆ. ಬರೆದರು, ನಾನು ಸಹಿ ಹಾಕಿದೆ. ಹಲಗೆ ನಿಲ್ಲಿಸಿದ್ದಾರೆ. ಉಗ್ರಾಣದಲ್ಲಿರುವ ಕಟ್ಟುಗಳನ್ನೆಲ್ಲ ಬಿಚ್ಚುತ್ತಿದ್ದಾರೆ. ನನ್ನನ್ನು ಕಾರ್ಖಾನೆಗೆ ಬರಬೇಡ ಎಂದಿಲ್ಲ, ಹಲಗೆ ಮುಟ್ಟಬೇಡ ಎಂದಿದ್ದಾರೆ. ಮುಂದಿನದನ್ನು ನಿಮ್ಮ ವರದಿ ಬಂದಮೇಲೆ ನೋಡೋಣ ಅಂದಿದ್ದಾರೆ. ಮೂರು ದಿನದಿಂದ ಹೋಗಿ ಚಹಾದ ಕೋಣೆಯಲ್ಲಿ ಕೂತು, ಬಂದುಹೋಗುವವರ ಮುಖ ನೋಡಿಕೊಂಡು ಬರುತ್ತಿದ್ದೇನೆ. ಯಾರೂ ಒಂದು ಮಾತೂ ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದರೆ ಚೆನ್ನಾಗಿತ್ತು, ತಿರುಗಿಸಿ ಕೊಡಬಹುದಿತ್ತು.

ಹಾಗಾಗಿ ನಿನ್ನ ಹನ್ನೆರಡು ಗಾಡಿಗಳು ನನ್ನವು. ಹಳೆಯ ಏಳು ಗಾಡಿಗಳ ವಿಷಯ ನನಗೆ ತಿಳಿಯದು. ಅದು ಉದ್ದಣ್ಣನ ಪ್ರೋಗ್ರಾಂದೇ ಇರಬಹುದು. ಓದಿದವರು ನೀವು ನೋಡಿಕೊಳ್ಳಿ.

ಪುಟ್ಟಿ, ಈಗ ನಿನಗೆ ಒಂದು ಮಾತು. ನಿನ್ನ ಕಿವಿ ಹಿಂಡಿ ವರ್ಷಗಳಾದವು, ಈಗ ಕಾಗದದಲ್ಲೇ ಹಿಂಡುತ್ತೇನೆ. ಆ ಚೀಟಿಯ ಮೇಲೆ ಹದಿನಾರು ಅಂತಲೋ ಹದಿನೆಂಟು ಅಂತಲೋ ಇದ್ದಿದ್ದರೆ ನೀನು ಕತ್ತರಿ ಕೆಳಗಿಡುತ್ತಿರಲಿಲ್ಲ. ನನ್ನ ಮೇಲಿನ ಪ್ರೀತಿಗೆ ಕತ್ತರಿ ಕೆಳಗಿಟ್ಟೆ. ಅದನ್ನು ಕೇಳಿ ನನಗೆ ಎಷ್ಟು ಸಂತೋಷವಾಯಿತೋ ಅಷ್ಟೇ ಸಂಕಟವಾಯಿತು. ಇಂಥ ಪ್ರೀತಿ ಮನೆಯಲ್ಲಿರಲಿ. ನಿನ್ನ ಕೆಲಸದ ಮೇಜಿನ ಹತ್ತಿರ ನಾನೂ ಒಂದು ನಂಬರಿನ ಚೀಟಿಯೇ. ವರದಿಯಲ್ಲಿ ಹದಿನೇಳನೇ ಹಲಗೆ ಎಂದು ಸ್ಪಷ್ಟವಾಗಿ ಬರೆ. ಅನುಭವವಿರುವ ಕೆಲಸಗಾರರು ಅಂತೆಲ್ಲ ಮರ್ಯಾದೆಯ ಮಾತು ಈ ಸಲ ಬೇಡ. ಯಾರಾದರೂ ಕೇಳಿದರೆ, ಹೌದು, ಆಕೆ ನನ್ನ ತಾಯಿ ಅನ್ನು. ನಿನ್ನ ತಲೆ ತಗ್ಗುತ್ತದೆ ಎಂದು ನನಗೆ ಗೊತ್ತು. ಅದಕ್ಕೆ ಕ್ಷಮಿಸು. ಬೇರೆ ಯಾವುದಕ್ಕೂ ನಿನ್ನ ಹತ್ತಿರ ಕ್ಷಮೆ ಕೇಳಿದವಳಲ್ಲ ನಾನು, ನಿನ್ನ ಉದ್ದ ಜಡೆ ಕತ್ತರಿಸಿದ್ದಕ್ಕೂ ಕೇಳಿರಲಿಲ್ಲ.

ಮುಂದಿನ ತಿದ್ದುಪಡಿಯಲ್ಲಿ ಆ ನಿಯಮದ ಕೆಳಗೆ ಒಂದು ಸಾಲು ಸೇರಿಸು. ಬಿಚ್ಚಿದ ಭಾಗವನ್ನು ಅಳತೆಯ ಸಾಧನದಿಂದಲೇ ಅಳೆಯಬೇಕು, ಟೇಪ್ ಸುತ್ತುವ ಮೊದಲು ಇನ್ನೊಬ್ಬರು ನೋಡಬೇಕು. ಭಾಷೆ ನೀನು ಚೆಂದ ಮಾಡಿಕೋ, ವಿಷಯ ಇಷ್ಟೇ. ಸ್ಕೇಲಮ್ಮನಿಗೆ ತೋರಿಸಿದೆ, ಇದನ್ನು ಮೊದಲೇ ಬರೆದಿದ್ದರೆ ನಿನ್ನ ಅಮ್ಮನ ಬಾಯಿಯಿಂದ ನಾನು ಬಚಾವಾಗ್ತಿದ್ದೆ ಅಂತ ಹೇಳು ಅಂದಳು. ಹೇಳಿದ್ದೇನೆ.

ನಿಮ್ಮಪ್ಪ ಚೆನ್ನಾಗಿದ್ದಾರೆ. ಈಗ ಅಡುಗೆಮನೆ ಅವರದ್ದೇ ರಾಜ್ಯ. ಉಪ್ಪು ಹಾಕಿದ್ದನ್ನು ಮರೆತು ಮತ್ತೆ ಹಾಕುತ್ತಾರೆ, ಆಮೇಲೆ ನಾನು ಏನಾದರೂ ಅನ್ನುವ ಮೊದಲೇ ಕೋಪ ಮಾಡಿಕೊಳ್ಳುತ್ತಾರೆ. ಬೆಳಿಗ್ಗೆ ನನ್ನ ಕೋಟಿನ ಗುಂಡಿ ಹಾಕಿಕೊಡುತ್ತಾರೆ. ಮದುವೆಯಾದ ಹೊಸದರಲ್ಲೂ ಇಷ್ಟು ಹತ್ತಿರ ಬಂದು ನಿಂತವರಲ್ಲ ಮಹಾಶಯರು. ಮಂಗಳವಾರ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ, ಆಣೆ ಮಾಡಿ ಹೇಳುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ.

ಸಹಿ ಹಾಕುವ ಮೊದಲು ಊಟ ಮಾಡು. ಹಸಿದುಕೊಂಡು ನೀನು ಸಹಿ ಹಾಕಿದರೆ ಅಕ್ಷರ ಸೊಟ್ಟಗಾಗುತ್ತದೆ.

ನೀನು ಎಷ್ಟು ಕೋಪ ಮಾಡಿಕೊಂಡರೂ ನಿನ್ನವಳೇ ಆದ,

ಅಮ್ಮ

ತಾ.ಕ.: ಲಕೋಟೆ ಅಂಟಿಸಲು ನಿಮ್ಮಪ್ಪನ ಕೈಗೆ ಕೊಟ್ಟೆ. ಇನ್ನೊಬ್ಬರ ಪತ್ರ ಯಾವತ್ತೂ ಓದದ ಮನುಷ್ಯ, ಓದಲಾ ಎಂದು ಕೇಳಿ ಓದಿದರು. ಓದಿ, ಮೂರು ತಿಂಗಳಾ ಅಂದರು.  ಪತ್ರವನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗಿ ಕೂತಿದ್ದಾರೆ. ಆ ಮನುಷ್ಯ ನನ್ನ ಗುಂಡಿ ಹಾಕುತ್ತಿರುವುದು ಈ ಚಳಿಗಾಲದಿಂದಲ್ಲ, ಹೋದ ಚಳಿಗಾಲದಿಂದ.

ಮೂರು ತಿಂಗಳು ಸುಳ್ಳು, ಪುಟ್ಟಿ. ಹದಿನಾಲ್ಕು ತಿಂಗಳು. ಹಳೆಯ ಏಳು ಗಾಡಿಗಳೂ ನನ್ನವೇ. ಮೂರು ಅಂದರೆ ಸುಮಾರು ನಲವತ್ತು ಗಾಡಿ ವಾಪಸ್ ಬರುತ್ತವೆ, ಹದಿನಾಲ್ಕು ಅಂದರೆ ಇನ್ನೂರು ದಾಟುತ್ತದೆ, ಅದಕ್ಕೆ ಬಾಯಿ ಬರಲಿಲ್ಲ. ಆದರೆ ಅದಕ್ಕಿಂತ ದೊಡ್ಡ ಕಾರಣ, ಶುರುವಾದ ದಿನ ಯಾವುದೆಂದು ನಿನಗೆ ಹೇಳಲು ಧೈರ್ಯ ಬರಲಿಲ್ಲ. ನಿಮ್ಮ ನಿಯಮಗಳು ಅಚ್ಚಾಗಿ ಬಂದ ದಿನ ನೀನು ಸಂಜೆಯೇ ಆ ಪುಸ್ತಕ ಹಿಡಿದುಕೊಂಡು ಓಡಿಬಂದೆ. ಮೂವತ್ತೈದು ಎಂದು ಬರೆದ ಸಾಲಿನ ಮೇಲೆ ನನ್ನ ಬೆರಳು ಇಡಿಸಲು ಹೋದೆ, ಆಗ ನೋಡಿ, ಇದೇನಮ್ಮ ಇಷ್ಟು ಊದಿದೆ ಅಂದೆ. ಕಿಟಕಿಗೆ ಸಿಕ್ಕಿಕೊಂಡಿತು ಅಂದೆ. ನೀನು ಎದ್ದುಹೋಗಿ, ನಮ್ಮಮ್ಮನ ಬೆರಳು ಕಚ್ತೀಯಾ ಎಂದು ಆ ಕಿಟಕಿಗೆ ಎರಡು ಏಟು ಕೊಟ್ಟೆ. ನೀನು ಚಿಕ್ಕವಳಿದ್ದಾಗ ಬಿದ್ದರೆ ನಾನು ನೆಲಕ್ಕೆ ಹೊಡೆಯುತ್ತಿದ್ದ ಹಾಗೆ. ಆ ವಾರವೇ ನಾನು ಮೊದಲ ಸಲ ಹೆಚ್ಚು ಬಿಚ್ಚಿ ಟೇಪ್ ಸುತ್ತಿದ್ದು.

ನಾಳೆ ಬೆಳಿಗ್ಗೆ ಮೊದಲು ಹೋಗಿ ಮ್ಯಾನೇಜರ ಕಾಗದದಲ್ಲೂ ತಿದ್ದಿಸಿ ಬರುತ್ತೇನೆ. ತಾರೀಖು ನಿನ್ನ ಪುಸ್ತಕದ ಮುಖಪುಟದಲ್ಲೇ ಇದೆ. ಅಂದಿನಿಂದ ಕಟ್ಟಿದ ಗಾಡಿಗಳನ್ನೆಲ್ಲ ವಾಪಸ್ ಕರೆಸು, ಒಂದನ್ನೂ ಬಿಡಬೇಡ. ಕಿಟಕಿ ಏನೂ ಮಾಡಿರಲಿಲ್ಲ ಕಣೆ, ಪಾಪ. ಉದ್ದಣ್ಣನೂ ಏನೂ ಮಾಡಿಲ್ಲ.